ಕಲ್ಲಿನ ಮೇಲೊಂದು ವರ್ಷ, ಹೆಂಚಿನ ಮೇಲೊಂದು ವರ್ಷ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ಕಟ್ಟಡಗಳ ಬಗ್ಗೆ ಏನಾದರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಛತ್ರ, ಕಲ್ಯಾಣಿ, ದರ್ಗಾ, ಸಂತೆಮಾಳ, ಎಲ್ಲದರ ಮೇಲೂ ಕಾಗದ ಬಂದಿವೆ. ಆದರೆ ಬಂಗಾರಪೇಟೆ ಕಡೆಯಿಂದ ಬಂದ ಒಂದು ಕಾಗದ ಓದಿದ ಮೇಲೆ ಈ ಸಲ ಚರ್ಚುಗಳದ್ದೇ ಇರಲಿ ಅನ್ನಿಸಿತು. ಮಿಕ್ಕವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಲ ನಿಮ್ಮದೇ.

ಪ್ರಶ್ನೆ: ಸಾರ್, ನಮ್ಮದು ಬಂಗಾರಪೇಟೆ ಹತ್ತಿರ ಸಣ್ಣ ಊರು. ನಮ್ಮ ಬ್ಯಾಪ್ಟಿಸ್ಟ್ ಸಭೆಗೆ ನೂರು ವರ್ಷದ ಹಬ್ಬ ಮಾಡೋಣ ಅಂತ ಕಮಿಟಿ ಹೊರಟಿದೆ. ಯಾವ ವರ್ಷದಿಂದ ಎಣಿಸೋದು ಅನ್ನೋದೇ ಜಗಳ. ಬಾಗಿಲ ಪಕ್ಕದ ಕಲ್ಲಿನ ಲೆಕ್ಕದಲ್ಲಿ ನೂರಕ್ಕೆ ಇನ್ನೂ ಏಳು ವರ್ಷ ಬಾಕಿ. ಮಳೆಗಾಲಕ್ಕೆ ಮುಂಚೆ ಹೆಂಚು ಇಳಿಸಿದಾಗ ಒಂದರ ಅಡಿ 1865 ಅಂತ ಇತ್ತು, ಹುಡುಗರು ಅದರ ಫೋಟೋ ತೆಗೆದು ನಮ್ಮದು ನೂರೈವತ್ತು ದಾಟಿದೆ ಅಂತ ವಾಟ್ಸಾಪ್‌ಗೆ ಹಾಕಿಬಿಟ್ಟಿದ್ದಾರೆ. ನಮ್ಮ ಅಜ್ಜಿ ಹೇಳೋದೇ ಬೇರೆ. ಅವರ ತಾತ ಗಣಿ ಕೆಲಸಕ್ಕೆ ಬಂದಾಗ ತಟ್ಟಿ ಮನೇಲಿ ಪ್ರಾರ್ಥನೆ ನಡೀತಿತ್ತಂತೆ, ಚರ್ಚು ಗಿರ್ಚು ಏನೂ ಇರಲಿಲ್ಲವಂತೆ. ಯಾರ ಮಾತು ಸರಿ?

ಉತ್ತರ: ಮೊದಲು ಹುಡುಗರ ವಿಷಯ ಮುಗಿಸೋಣ. ಆ 1865 ನಿಮ್ಮ ಚರ್ಚಿನ ವರ್ಷ ಅಲ್ಲ, ಹೆಂಚಿನ ಕಾರ್ಖಾನೆಯ ವರ್ಷ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಷನರಿ ನೇತ್ರಾವತಿ ದಡದ ಜೇಡಿಮಣ್ಣು ನೋಡಿ ಮಾಡಿದ ಕೆಲಸ ಅದು. ಆಮೇಲೆ ಎಷ್ಟೋ ವರ್ಷ ಅವರ ಹೆಂಚಿನ ಮೇಲೆ ಅದೇ ವರ್ಷ ಅಚ್ಚಾಗುತ್ತಿತ್ತು. ಅಂಗಡಿ ಬೋರ್ಡಿನಲ್ಲಿ 'ಸ್ಥಾಪನೆ' ಅಂತ ಬರೆಸುತ್ತಾರಲ್ಲ, ಹಾಗೆ. ಆಲ್ಬುಕರ್ಕ್ ಕಂಪನಿಯ ಹೆಂಚಾದರೆ 1868 ಅಂತ ಇರುತ್ತದೆ. ನನಗೆ ಇಂಥ ಫೋಟೋ ವರ್ಷಕ್ಕೆ ನಾಲ್ಕಾದರೂ ಬರುತ್ತವೆ. ಒಂದು ಸಲ ಮಾಲೂರಿನ ಹತ್ತಿರ ದನದ ಕೊಟ್ಟಿಗೆಗೂ ನೂರೈವತ್ತು ವರ್ಷ ಅಂತ ವಾದ ಮಾಡಿದವರು ಇದ್ದರು.

ಹಾಗಂತ ಹೆಂಚು ಬಿಸಾಕಬೇಡಿ, ಅದರಿಂದ ಬೇರೆ ಉಪಯೋಗ ಇದೆ. ಮೊದಲ ಮಹಾಯುದ್ಧ ಬಂದಾಗ ಜರ್ಮನರ ನಂಟು ಇದ್ದ ಬಾಸೆಲ್ ಮಿಷನ್ ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ಕಿತ್ತುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹೆಂಚಿನ ಮೇಲೆ ಕಾಮನ್‌ವೆಲ್ತ್ ಅನ್ನುವ ಹೆಸರಿದ್ದರೆ ಅದು ಯುದ್ಧದ ನಂತರದ ಮಾಲು, ಅಷ್ಟು ಗ್ಯಾರಂಟಿ. ಆದರೆ ಒಂದೇ ಹೆಂಚು ನೋಡಿ ತೀರ್ಮಾನಕ್ಕೆ ಬರಬೇಡಿ. ಗಾಳಿಗೆ ಹೆಂಚು ಹಾರುತ್ತದೆ, ಮಂಗ ಒಡೆಯುತ್ತದೆ, ಜನ ಎಲ್ಲೋ ಬಿದ್ದ ಮನೆಯದ್ದು ತಂದು ಸೇರಿಸುತ್ತಾರೆ. ಇಡೀ ಚಾವಣಿಯಲ್ಲಿ ಯಾವ ಹೆಸರು ಜಾಸ್ತಿ ಅಂತ ಲೆಕ್ಕ ಹಾಕಿ.

ಇನ್ನು ಕಲ್ಲು. ಅದರ ಮೇಲೆ ಏನು ಬರೆದಿದೆ ಅಂತ ನೀವು ಪೂರ್ತಿ ಬರೆದಿಲ್ಲ. 'ಅಸ್ತಿವಾರದ ಕಲ್ಲನ್ನು ಇಟ್ಟರು' ಅಂತ ಇದೆಯಾ, 'ಪ್ರತಿಷ್ಠೆ ಮಾಡಿದರು' ಅಂತ ಇದೆಯಾ? ಎರಡೂ ಬೇರೆ. ಕಲ್ಲು ಇಟ್ಟ ದಿನ ದೊಡ್ಡ ಊಟ, ಭಾಷಣ ಎಲ್ಲಾ ಆಗುತ್ತದೆ, ಆಮೇಲೆ ಗೋಡೆ ಕಿಟಕಿ ಮಟ್ಟಕ್ಕೆ ಬರುವಷ್ಟರಲ್ಲಿ ದುಡ್ಡು ಖಾಲಿ. ಬಡ ಸಭೆಗಳಲ್ಲಿ ಕಲ್ಲು ಇಟ್ಟು ಐದಾರು ವರ್ಷ ಆದ ಮೇಲೆ ಚಾವಣಿ ಹೊದಿಸಿರೋದು ಅಪರೂಪ ಏನಲ್ಲ. ಮುಂದಿನ ಪೋರ್ಟಿಕೊ ಕಟ್ಟಿದಾಗ ಅದಕ್ಕೇ ಅಂತ ಹಾಕಿದ ಕಲ್ಲನ್ನು ಇಡೀ ಚರ್ಚಿನ ಕಲ್ಲು ಅಂತ ತಿಳಿದುಕೊಂಡಿರೋದೂ ಉಂಟು. ಪೋರ್ಟಿಕೊ ಗೋಡೆ ಮತ್ತು ದೊಡ್ಡ ಗೋಡೆ ಸೇರುವ ಮೂಲೆ ನೋಡಿ. ಕಲ್ಲು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಒಟ್ಟಿಗೇ ಕಟ್ಟಿದ್ದು. ನೆಟ್ಟಗೆ ಒಂದು ಗೆರೆ ಬಿಟ್ಟುಕೊಂಡಿದ್ದರೆ ಆಮೇಲೆ ಅಂಟಿಸಿದ್ದು.

ಈಗ ಅಜ್ಜಿ. ನನ್ನ ಪ್ರಕಾರ ಈ ಜಗಳದಲ್ಲಿ ಅವರ ಮಾತೇ ಸರಿ, ಅದಕ್ಕೆ ಬ್ಯಾಪ್ಟಿಸ್ಟರ ನಂಬಿಕೆಯೇ ಕಾರಣ. ಬೇರೆ ಕೆಲವು ಪಂಗಡಗಳಲ್ಲಿ ಬಿಷಪ್ ಬಂದು ಪ್ರತಿಷ್ಠೆ ಮಾಡಬೇಕು, ಮೇಲಿನಿಂದ ಅಪ್ಪಣೆ ಬರಬೇಕು. ಬ್ಯಾಪ್ಟಿಸ್ಟರಲ್ಲಿ ಬಿಷಪ್ಪೇ ಇಲ್ಲ. 1609ರಲ್ಲಿ ಆಮ್‌ಸ್ಟರ್‌ಡಾಂನಲ್ಲಿ ಇಂಗ್ಲೆಂಡಿನಿಂದ ಓಡಿಬಂದ ಒಂದು ಸಣ್ಣ ಗುಂಪು ಜಾನ್ ಸ್ಮಿತ್ ಜೊತೆ ಶುರು ಮಾಡಿದ ಕಾಲದಿಂದಲೂ ಅವರ ಮಾತು ಒಂದೇ: ತಿಳಿವಳಿಕೆ ಬಂದ ಮೇಲೆ ನಂಬಿ ದೀಕ್ಷಾಸ್ನಾನ ತೆಗೆದುಕೊಂಡವರು ಒಂದು ಕಡೆ ಸೇರಿ ನಾವೊಂದು ಸಭೆ ಅಂತ ಒಪ್ಪಿಕೊಂಡರೆ ಅದೇ ಸಭೆ. ಗೋಡೆ ಇದ್ದರೂ ಸಭೆ, ಇಲ್ಲದಿದ್ದರೂ ಸಭೆ. ಹಾಗಾಗಿ ನಿಮ್ಮ ಸಭೆಯ ಹುಟ್ಟಿದ ವರ್ಷ ಆ ತಟ್ಟಿ ಮನೆಯಲ್ಲೇ ಇರಬೇಕು.

ತಟ್ಟಿ ಮನೆ ಅಂದರೆ ಈಗಿನ ಹುಡುಗರಿಗೆ ಗೊತ್ತಾಗೋದಿಲ್ಲ. ಬಿದಿರು ಹೆಣೆದ ತಟ್ಟಿಯ ಗೋಡೆ, ತಗ್ಗು ಬಾಗಿಲು. ಕೋಲಾರದ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಶುರು ಮಾಡಿದ ಮೇಲೆ ಕೂಲಿಯವರು ಇದ್ದದ್ದು ಇಂಥ ಸಾಲುಗಳಲ್ಲೇ. ಉತ್ತರ ಆರ್ಕಾಟಿನಿಂದ ತಮಿಳರು, ಚಿತ್ತೂರು ಕಡೆಯಿಂದ, ಇನ್ನೂ ಆಚೆಯಿಂದ ತೆಲುಗರು ಬಂದರು. 1894ರಲ್ಲಿ ನಿಮ್ಮ ಬಂಗಾರಪೇಟೆಯಿಂದ, ಆಗ ಅದು ಬೌರಿಂಗ್‌ಪೇಟೆ, ಗಣಿಗೆ ರೈಲು ಬಂದ ಮೇಲೆ ಬರುವವರು ಇನ್ನೂ ಜಾಸ್ತಿಯಾದರು. ಹೀಗೆ ಬಂದವರು ಪಾತ್ರೆ ಪಗಡಿ ಜೊತೆ ತಮ್ಮ ದೇವರನ್ನೂ ಕರೆದುಕೊಂಡು ಬಂದರು. ಮಾರಿಯಮ್ಮ ಬಂದಳು, ಕ್ಯಾಥೊಲಿಕ್ ಸಭೆ ಬಂತು, ತೆಲುಗು ಬ್ಯಾಪ್ಟಿಸ್ಟರೂ ಬಂದರು.

ತೆಲುಗು ಬ್ಯಾಪ್ಟಿಸ್ಟರ ಕಥೆ ಒಂದು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನಿಮ್ಮ ಅಜ್ಜಿಯ ತಾತ ಅರ್ಥವಾಗೋದಿಲ್ಲ. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನ್‌ನ ಸ್ಯಾಮ್ಯುಯೆಲ್ ಡೇ 1840ರಲ್ಲಿ ನೆಲ್ಲೂರಿನಲ್ಲಿ ಕೆಲಸ ಶುರು ಮಾಡಿದರು. ಎಷ್ಟೋ ವರ್ಷ ಫಲವೇ ಇಲ್ಲ. ಮುಚ್ಚಿಬಿಡೋಣ ಅಂತ ಅಮೆರಿಕದಲ್ಲಿ ಮತ್ತೆ ಮತ್ತೆ ಚರ್ಚೆ ಆಯಿತು. 1866ರಲ್ಲಿ ಜಾನ್ ಕ್ಲಫ್ ಒಂಗೋಲಿಗೆ ಹೋದರು. 1876-78ರ ದೊಡ್ಡ ಬರ ಬಂದಾಗ ಆತ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಅನ್ನಕ್ಕೋಸ್ಕರ ಬಂದರು ಅನ್ನುವ ಮಾತು ಬರಬಾರದು ಅಂತ ಬರ ಇರುವಷ್ಟು ದಿನ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಆಮೇಲೆ 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನ ಆಯಿತು. ಬಹುಪಾಲು ಮಾದಿಗರು, ಚಪ್ಪಲಿ ಹೊಲಿಯುವವರು, ಕೂಲಿಯವರು. ಗಣಿ ಶುರುವಾಗೋದಕ್ಕೆ ಬರೀ ಎರಡು ವರ್ಷ ಮುಂಚಿನ ಮಾತು ಇದು, ನೆನಪಿರಲಿ. ಕೂಲಿಗೆ ಊರು ಬಿಟ್ಟವರಲ್ಲಿ ಇಂಥ ಮನೆಗಳವರೂ ಇದ್ದರು, ಮತ್ತು ಇವರಿಗೆ ಸಭೆ ನಡೆಸಲು ಪಾದ್ರಿ ಬರುವ ತನಕ ಕಾಯಬೇಕು ಅನ್ನುವ ಅಭ್ಯಾಸ ಇರಲಿಲ್ಲ. ಪಾಳಿ ಮುಗಿಸಿಕೊಂಡು ಬಂದು, ಕೈಕಾಲು ತೊಳೆದು, ಓದು ಬರುವ ಒಬ್ಬರು ತೆಲುಗು ಬೈಬಲ್ ಹಿಡಿದರೆ ಮುಗಿಯಿತು.

ಸರಿ, ಆ ವರ್ಷ ಹುಡುಕೋದು ಹೇಗೆ?

ಸಭೆಯ ಬೀರುವಿನಲ್ಲಿ ಹಳೇ ಮಿನಿಟ್ಸ್ ಪುಸ್ತಕ ಇದೆಯಾ ನೋಡಿ. ತೆಲುಗಿನಲ್ಲಿ ಇರಬಹುದು, ಓದಲು ಊರಲ್ಲಿ ಹಿರಿಯರು ಸಿಗುತ್ತಾರೆ. ಸದಸ್ಯರ ರಿಜಿಸ್ಟರಿನಲ್ಲಿ ಮೊದಲ ಪುಟದ ಹೆಸರುಗಳ ಮುಂದೆ 'ಪತ್ರದಿಂದ' ಅಂತ ಇದ್ದರೆ ಅವರು ಬೇರೆ ಸಭೆಯ ಪತ್ರ ತಂದು ಸೇರಿದವರು. ಯಾವ ಊರಿನ ಪತ್ರ ಅಂತ ಬರೆದಿದ್ದರೆ ನಿಮ್ಮ ತಾಯಿ ಸಭೆ ಸಿಕ್ಕ ಹಾಗೆ. ಹಿಡಿ ಅಕ್ಕಿ ಲೆಕ್ಕ ಬಿಡಬೇಡಿ. ಅಡುಗೆಗೆ ಅಕ್ಕಿ ಹಾಕುವಾಗ ಹೆಂಗಸರು ಒಂದು ಹಿಡಿ ಪಕ್ಕಕ್ಕೆ ಎತ್ತಿಟ್ಟು ಭಾನುವಾರ ತಂದು ಕೊಡುತ್ತಿದ್ದ ಅಕ್ಕಿ ಅದು. ಅದನ್ನು ಮಾರಿದ ದುಡ್ಡಿನಲ್ಲಿ ಎಷ್ಟೋ ಚರ್ಚುಗಳ ಬಾಗಿಲು ಕಿಟಕಿ ಆಗಿವೆ. ಕಲ್ಲಿನ ಮೇಲೆ ಅವರ ಹೆಸರು ಇರೋದಿಲ್ಲ, ಲೆಕ್ಕದ ಪುಸ್ತಕದಲ್ಲಿ ಇರುತ್ತದೆ.

ಪುಸ್ತಕ ಗೆದ್ದಲು ತಿಂದಿದ್ದರೆ? ಪಕ್ಕದ ಮನೆಯವರ ಹಳೇ ಕ್ರಯಪತ್ರ ಕೇಳಿ. ಅದರ ಚಕ್ಕುಬಂದಿ ಓದಿ. 'ಪೂರ್ವಕ್ಕೆ ಕ್ರೈಸ್ತರ ದೇವಾಲಯ' ಅಂತ ಇದ್ದರೆ ಆ ಪತ್ರದ ತಾರೀಖಿನ ಹೊತ್ತಿಗೆ ನಿಮ್ಮದು ಅಲ್ಲಿ ನಿಂತಿತ್ತು. ಅದಕ್ಕಿಂತ ಹಳೆಯ ಪತ್ರದಲ್ಲಿ ಅದೇ ಜಾಗಕ್ಕೆ 'ಖಾಲಿ ನಿವೇಶನ' ಅಂತ ಇದ್ದರೆ ಎರಡರ ಮಧ್ಯೆ ಕಟ್ಟಿದ್ದು. ಸುಳ್ಳು ಹೇಳಬೇಕು ಅನ್ನುವ ಉದ್ದೇಶವೇ ಇಲ್ಲದೆ ಬರೆದ ಸಾಕ್ಷಿ ಇದು, ನನಗೆ ಕಲ್ಲಿಗಿಂತ ಇದರ ಮೇಲೆ ನಂಬಿಕೆ ಜಾಸ್ತಿ. ಸಮಾಧಿ ಕಲ್ಲುಗಳ ಹಿಂದೆ ಬೀಳಬೇಡಿ. ಗಣಿ ಕಡೆ ಒಂದೇ ಸ್ಮಶಾನದಲ್ಲಿ ಎಲ್ಲಾ ಪಂಗಡದವರೂ ಇರುತ್ತಾರೆ.

ಮಿಷನ್‌ನ ಹಳೇ ವರದಿ ಬೇಕಾದರೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಕೇಳಿ. ಅಮೆರಿಕನ್ ಬ್ಯಾಪ್ಟಿಸ್ಟರ ಮಿಷನ್ ಕಾಗದಗಳು ಅಟ್ಲಾಂಟಾದ ಅಮೆರಿಕನ್ ಬ್ಯಾಪ್ಟಿಸ್ಟ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ, ಇಮೇಲ್ ಹಾಕಿ ನೋಡಿ. ಕೇಳುವಾಗ ಬಂಗಾರಪೇಟೆ ಅನ್ನಬೇಡಿ, ಬೌರಿಂಗ್‌ಪೇಟೆ ಅನ್ನಿ. ಹಳೇ ವರದಿಗಳಲ್ಲಿ ನಿಮ್ಮ ಊರು ಆ ಹೆಸರಿನಲ್ಲೇ ಇರುತ್ತದೆ.

ಕಮಿಟಿಗೆ ನನ್ನ ಸಲಹೆ ಇಷ್ಟೇ. ಮಿನಿಟ್ಸ್‌ನಲ್ಲಿ ಸಭೆ ಸೇರಿದ ವರ್ಷ ಸಿಕ್ಕರೆ ಅದರಿಂದ ಎಣಿಸಿ. ನೂರು ಆಗಲೇ ದಾಟಿಹೋಗಿದ್ದರೂ ಪರವಾಗಿಲ್ಲ, ನೂರಾಹತ್ತು ಅಂತ ಮಾಡಿ, ಯಾರೂ ಕೇಸು ಹಾಕೋದಿಲ್ಲ. ಕಲ್ಲಿನ ವರ್ಷದ ಹಬ್ಬ ಏಳು ವರ್ಷ ಬಿಟ್ಟು ಇನ್ನೊಂದು ಸಲ ಮಾಡಿ, ಅದು ಕಟ್ಟಡದ ಹಬ್ಬ. ಎರಡು ಊಟ ಆಗುತ್ತದೆ. ಹೆಂಚಿನ ವರ್ಷಕ್ಕೆ ಮಾತ್ರ ಬ್ಯಾನರ್ ಹಾಕಿಸಬೇಡಿ. ಮತ್ತೆ, ಅಜ್ಜಿಯ ಮಾತನ್ನು ಈ ವಾರವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಪ್ರಶ್ನೆ: ತುಮಕೂರು, ಗುಬ್ಬಿ ಕಡೆ ಹಳೇ ಪ್ರಾಟೆಸ್ಟಂಟ್ ಚರ್ಚು ಅಂದರೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಅಂತಲೇ ಇರುತ್ತೆ. ಕೋಲಾರಕ್ಕೆ ಹೋದರೆ ಮೆಥಡಿಸ್ಟ್. ಬ್ಯಾಪ್ಟಿಸ್ಟ್ ಅಂತ ಬೋರ್ಡು ಕಂಡರೆ ಅದು ಸಾಮಾನ್ಯವಾಗಿ ಹೊಸ ಕಟ್ಟಡ. ಇದು ಯಾಕೆ ಹೀಗೆ?

ಉತ್ತರ: ಏರಿಯಾ ಹಂಚಿಕೊಂಡಿದ್ದರು ಸಾರ್! ತಮಾಷೆ ಅಲ್ಲ. ಒಂದು ಮಿಷನ್ ಕೆಲಸ ಮಾಡುವ ತಾಲ್ಲೂಕಿನೊಳಗೆ ಇನ್ನೊಂದು ಮಿಷನ್ ಕೈ ಹಾಕಬಾರದು ಅಂತ ಪ್ರಾಟೆಸ್ಟಂಟ್ ಮಿಷನ್‌ಗಳಲ್ಲಿ ಒಂದು ಒಪ್ಪಂದ ಇತ್ತು. ತುಮಕೂರು, ಗುಬ್ಬಿ ಕಡೆ 1830ರ ದಶಕದಲ್ಲೇ ವೆಸ್ಲಿಯನ್, ಅಂದರೆ ಬ್ರಿಟಿಷ್ ಮೆಥಡಿಸ್ಟ್, ಮಿಷನ್‌ನವರು ಬಂದರು. ಗುಬ್ಬಿಯಲ್ಲಿ ಥಾಮಸ್ ಹಾಡ್ಸನ್, ಆಮೇಲೆ ವಿಲಿಯಂ ಆರ್ಥರ್ ಇದ್ದರು. ಚಿಕ್ಕಬಳ್ಳಾಪುರ ಲಂಡನ್ ಮಿಷನ್ ಪಾಲಿಗೆ, ಅಲ್ಲಿನ ಹಳೇ ಮಿಷನ್ ಆಸ್ಪತ್ರೆ ಅವರದ್ದೇ. ಕೋಲಾರದಲ್ಲಿ ಲಂಡನ್ ಮಿಷನ್ ನಂಟಿನ ಮಿಸ್ ಆನ್‌ಸ್ಟಿ ಬರದಲ್ಲಿ ಅನಾಥರಾದ ಮಕ್ಕಳಿಗೆ ಮನೆ ನಡೆಸುತ್ತಿದ್ದರು, 1890ರಲ್ಲಿ ಅದನ್ನು ಅಮೆರಿಕದ ಮೆಥಡಿಸ್ಟರಿಗೆ ಬಿಟ್ಟುಕೊಟ್ಟರು. ಕೋಲಾರದವರು ಇ.ಟಿ.ಸಿ.ಎಂ. ಅನ್ನುವ ಆಸ್ಪತ್ರೆ 1910ರಲ್ಲಿ ಶುರುವಾಗಿದ್ದು ಈ ಮೆಥಡಿಸ್ಟರಿಂದಲೇ. ಅಮೆರಿಕನ್ ಬ್ಯಾಪ್ಟಿಸ್ಟರ ಪಾಲಿಗೆ ಬಂದಿದ್ದು ತೆಲುಗು ನಾಡು. ಅದಕ್ಕೇ ನಮ್ಮ ಕಡೆ ಹಳೇ ಬ್ಯಾಪ್ಟಿಸ್ಟ್ ಸಭೆ ಎಲ್ಲಾದರೂ ಇದ್ದರೆ ಮಿಷನರಿ ಬಂದದ್ದಕ್ಕಿಂತ ಕೂಲಿಗೆ ಬಂದವರನ್ನು ಮೊದಲು ಹುಡುಕಿ ಅನ್ನುತ್ತೇನೆ ನಾನು.

ಬೋರ್ಡಿನ ವಿಷಯ: 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಬ್ರಿಟಿಷ್ ಮೆಥಡಿಸ್ಟರು, ಲಂಡನ್ ಮಿಷನ್ ಸಭೆಗಳಿದ್ದ ಒಕ್ಕೂಟ ಎಲ್ಲಾ ಸೇರಿ ಸಿ.ಎಸ್.ಐ. ಆಯಿತು. ತುಮಕೂರಿನ ವೆಸ್ಲಿಯನ್ನರೂ ಚಿಕ್ಕಬಳ್ಳಾಪುರದ ಲಂಡನ್ ಮಿಷನ್‌ನವರೂ ಹೀಗೆ ಒಂದೇ ಬೋರ್ಡಿನ ಕೆಳಗೆ ಬಂದರು. ಅಮೆರಿಕದ ನಂಟಿನ ಕೋಲಾರದ ಮೆಥಡಿಸ್ಟರು ಸೇರಲಿಲ್ಲ. ಬ್ಯಾಪ್ಟಿಸ್ಟರೂ ಸೇರಲಿಲ್ಲ. ಬಿಷಪ್ಪು, ಮಕ್ಕಳ ದೀಕ್ಷಾಸ್ನಾನ, ಎರಡೂ ಅವರಿಗೆ ಆಗಿಬರುವ ಮಾತಲ್ಲ. ತೆಲುಗು ಬ್ಯಾಪ್ಟಿಸ್ಟ್ ಸಭೆಗಳು 1962ರಲ್ಲಿ 'ಸಮಾವೇಶಂ' ಅನ್ನುವ ತಮ್ಮದೇ ಒಕ್ಕೂಟ ಮಾಡಿಕೊಂಡವು.

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ಚರ್ಚಿನಲ್ಲಿ ಸ್ಟೇಜಿನ ಹಲಗೆ ಎತ್ತಿದರೆ ಕೆಳಗೆ ಮೆಟ್ಟಿಲಿರುವ ಒಂದು ತೊಟ್ಟಿ ಇದೆ. ವರ್ಷಕ್ಕೆ ಒಂದೆರಡು ಸಲ ಬಿಟ್ಟರೆ ಖಾಲಿ. ಜಿರಲೆ, ಕಪ್ಪೆ. ಅದನ್ನು ಮುಚ್ಚಿ ಗ್ರಾನೈಟ್ ಹಾಕಿಸೋಣ ಅಂತಾರೆ. ಮುಚ್ಚಬಹುದಾ?

ಉತ್ತರ: ಮುಚ್ಚಬೇಡಿ ಅಮ್ಮಾ. ಬೇರೆ ಚರ್ಚಿನಲ್ಲಿ ಪೂಜಾಪೀಠ ಎಷ್ಟು ಮುಖ್ಯವೋ ನಿಮ್ಮಲ್ಲಿ ಆ ತೊಟ್ಟಿ ಅಷ್ಟು ಮುಖ್ಯ. ದೀಕ್ಷಾಸ್ನಾನದ ತೊಟ್ಟಿ ಅದು, ಬ್ಯಾಪ್ಟಿಸ್ಟ್ ಅನ್ನುವ ಹೆಸರೇ ಆ ಸ್ನಾನದಿಂದ ಬಂದದ್ದು. ಹಣೆಗೆ ನೀರು ಚಿಮುಕಿಸಿದರೆ ಸಾಲದು, ಪೂರ್ತಿ ಮುಳುಗಿ ಏಳಬೇಕು. ಮುಳುಗೋದು ಸಾವು, ಏಳೋದು ಹೊಸ ಹುಟ್ಟು, ಅದು ಅವರ ಲೆಕ್ಕ.

ಮೊದಮೊದಲು ಇದೆಲ್ಲಾ ಕೆರೆ, ಹೊಳೆ, ತೋಟದ ಬಾವಿಯಲ್ಲೇ ಆಗುತ್ತಿತ್ತು. ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ ಬಂಗಾಳದಲ್ಲಿ 1800ರ ಡಿಸೆಂಬರಿನಲ್ಲಿ ಕೃಷ್ಣಪಾಲ್ ಅನ್ನುವ ಬಡಗಿಗೆ ದೀಕ್ಷಾಸ್ನಾನ ಕೊಟ್ಟಿದ್ದು ಹೂಗ್ಲಿ ನದಿಯಲ್ಲಿ. ನಮ್ಮ ಕಡೆಗೆ ಹೂಗ್ಲಿ ಎಲ್ಲಿಂದ ತರೋದು? ಉತ್ತರ ಪಿನಾಕಿನಿ ಇದೆ, ಪಾಲಾರ್ ಇದೆ, ನೀರು ಯಾವಾಗ ಅಂತ ಕೇಳಬೇಡಿ. ಕೆರೆ ತುಂಬಿದ ವರ್ಷ ದೀಕ್ಷಾಸ್ನಾನ, ಇಲ್ಲದ ವರ್ಷ ಕಾಯೋದು. ಮೊದಲ ಕಟ್ಟಡಗಳಲ್ಲಿ ಎಷ್ಟೋ ಕಡೆ ತೊಟ್ಟಿ ಇರೋದಿಲ್ಲ, ಆಮೇಲೆ ಅಗೆದು ಮಾಡಿದ್ದು. ನಿಮ್ಮ ತೊಟ್ಟಿಯ ಒಳಗೋಡೆ ಗಾರೆಯದ್ದಾ ಸಿಮೆಂಟಿನದ್ದಾ ಅಂತ ಉಗುರಿನಿಂದ ಕೆರೆದು ನೋಡಿ. ಚರ್ಚು ಗಾರೆಯದ್ದು, ತೊಟ್ಟಿ ಸಿಮೆಂಟಿನದ್ದು ಆಗಿದ್ದರೆ ಎರಡೂ ಒಂದೇ ಕಾಲದ್ದಲ್ಲ.

ನೀರಿನ ಖರ್ಚು ಅಂತ ಯಾರಾದರೂ ತಕರಾರು ತೆಗೆದರೆ ಲೆಕ್ಕ ಕೊಡಿ. ಎಂಟು ಅಡಿ ಉದ್ದ, ಐದು ಅಡಿ ಅಗಲ, ಮೂರು ಅಡಿ ನೀರು ಅಂದರೆ 120 ಘನ ಅಡಿ, ಸುಮಾರು 3,400 ಲೀಟರ್. ಒಂದು ಸಣ್ಣ ಟ್ಯಾಂಕರ್ ಸಾಕು, ಮುಗಿದ ಮೇಲೆ ಅದೇ ನೀರನ್ನು ತೆಂಗಿನ ಗಿಡಕ್ಕೆ ಬಿಡಬಹುದು. ಕಪ್ಪೆಗೆ ತೂಬಿನ ಬಾಯಿಗೆ ಒಂದು ಜಾಲರಿ ಹಾಕಿಸಿ. ಹಲಗೆ ಮಾತ್ರ ಗಟ್ಟಿ ಇರಲಿ, ಕ್ರಿಸ್‌ಮಸ್ ನಾಟಕದ ದಿನ ಕುರುಬರು, ಜ್ಞಾನಿಗಳು ಎಲ್ಲಾ ಒಟ್ಟಿಗೆ ಅದರ ಮೇಲೆ ನಿಲ್ಲುತ್ತಾರೆ.

ಪ್ರಶ್ನೆ: ನಮ್ಮ ಚರ್ಚಿನ ಗೋಡೆಗೆ ಎಷ್ಟು ಸಲ ಪೇಂಟ್ ಹೊಡೆದರೂ ನೆಲದಿಂದ ಮೂರಡಿ ತನಕ ಉಬ್ಬಿ ಉದುರುತ್ತೆ. ಕಂಟ್ರಾಕ್ಟರ್ ಹಳೇ ಗೋಡೆ, ಕೆಡವೋದೇ ಒಳ್ಳೇದು ಅಂತಾರೆ. — ಮಾಲೂರು

ಉತ್ತರ: ಕಂಟ್ರಾಕ್ಟರ್‌ಗೆ ಕೆಡವೋದೇ ಒಳ್ಳೆಯದು, ನಿಮಗಲ್ಲ. ನಮ್ಮ ತಾತನ ಮನೆಗೂ ಇದೇ ಆಯಿತು. ಒಬ್ಬ ಮೇಸ್ತ್ರಿ ಬಂದು ಕೆಳಗಿನ ನಾಲ್ಕು ಅಡಿಗೆ ಗಟ್ಟಿ ಸಿಮೆಂಟ್ ಮೆತ್ತಿ, ಮೇಲೆ ಎನಾಮೆಲ್ ಹೊಡೆದು ಹೋದರು. ಎರಡೇ ಮಳೆಗಾಲ. ತೇವ ಸಿಮೆಂಟಿನ ಹಿಂದೆ ಏಣಿ ಹತ್ತಿದ ಹಾಗೆ ಹತ್ತಿ ಐದಡಿಗೆ ಬಂತು.

ಹಳೇ ಗೋಡೆ ಅಂದರೆ ಒರಟು ಕಲ್ಲು, ಮಧ್ಯೆ ಕೆಮ್ಮಣ್ಣು, ಮೇಲೆ ಗಾರೆ, ಅದರ ಮೇಲೆ ಸುಣ್ಣ. ನೆಲದ ತೇವ ಗೋಡೆ ಹತ್ತುತ್ತದೆ, ಗಾರೆ ಮೂಲಕ ಗಾಳಿಗೆ ಆರಿಹೋಗುತ್ತದೆ. ಆ ದಾರಿಯನ್ನು ಸಿಮೆಂಟು, ಪ್ಲಾಸ್ಟಿಕ್ ಪೇಂಟು ಮುಚ್ಚಿಬಿಟ್ಟರೆ ನೀರಿನ ಜೊತೆ ಬಂದ ಉಪ್ಪು ಹಿಂದೆ ಹರಳುಗಟ್ಟಿ ಪೇಂಟನ್ನು ಹೊರಗೆ ತಳ್ಳುತ್ತದೆ. ಗೋಡೆಯದ್ದೇನೂ ತಪ್ಪಿಲ್ಲ.

ಹೊರಗಡೆ ಗೋಡೆ ಬುಡದಲ್ಲಿ ವರ್ಷಗಟ್ಟಲೆ ಸೇರಿದ ಮಣ್ಣು ತೆಗೆಸಿ, ಮಳೆ ನೀರು ದೂರ ಹೋಗುವ ಹಾಗೆ ಚರಂಡಿ ಮಾಡಿಸಿ. ಸಿಮೆಂಟ್ ಕೆತ್ತಿಸಿ ಒಂದು ಬೇಸಿಗೆ ಗೋಡೆ ಬರಿದಾಗಿ ಒಣಗಲಿ. ಆಮೇಲೆ ಸುಣ್ಣ, ಮರಳಿನ ಗಾರೆ. ನಮ್ಮ ಹಳಬರು ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು ಸೇರಿಸುತ್ತಿದ್ದರು. ಮಾಡಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ, ಹುಡುಕಬೇಕು. ಮೇಲೆ ಸುಣ್ಣ ಹೊಡೆಸಿ, ಡಿಸ್ಟೆಂಪರ್ ಬೇಡ.

ಬಿರುಕು ಇದೆ ಅಂತ ಹೆದರಿಸಿದರೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಡಿ. ವರ್ಷ ಕಳೆದರೂ ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ಗೋಡೆ ಅಲುಗುತ್ತಿಲ್ಲ. ಕೆ.ಜಿ.ಎಫ್.ನಲ್ಲಿ ಮಾತ್ರ ಬಿರುಕಿನ ಕಥೆ ಬೇರೆ. ಅಲ್ಲಿ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಹೋಗಿತ್ತು, ಒಳಗೆ ಬಂಡೆ ಸಿಡಿದಾಗ ಮೇಲಿನ ಮನೆಗಳು ನಡುಗುತ್ತಿದ್ದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ ಅಲ್ಲಿನ ಹಳೇ ಗೋಡೆಗಳಲ್ಲಿ ಆ ನಡುಕದ ಗುರುತು ಉಳಿದಿದೆ. ಅಂಥ ಕಡೆ ಎಂಜಿನಿಯರ್‌ಗೆ ತೋರಿಸದೆ ಮುಟ್ಟಬೇಡಿ.

ಪ್ರಶ್ನೆ: ಚರ್ಚಿನ ಜಾಗ ಯಾರ ಹೆಸರಿನಲ್ಲಿದೆ ಅಂತ ತಿಳಿಯೋದು ಹೇಗೆ? ಹಿರಿಯರು ಮಿಷನ್ ಹೆಸರಿನಲ್ಲಿದೆ ಅಂತಾರೆ, ಇನ್ನೊಬ್ಬರು ಹಳೇ ಪಾಸ್ಟರ್ ಹೆಸರಿನಲ್ಲಿದೆ ಅಂತಾರೆ. — ಗೌರಿಬಿದನೂರು

ಉತ್ತರ: ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ. ಆನ್‌ಲೈನ್‌ನಲ್ಲಿ ಸಿಗೋದು ಈಚಿನ ವರ್ಷಗಳದ್ದು, ಹಳೆಯದಕ್ಕೆ ಕಚೇರಿಗೇ ಹೋಗಬೇಕು. ಪುರಸಭೆಯ ಖಾತೆ, ಸರ್ವೆ ಕಚೇರಿಯ ನಕ್ಷೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ನಿಮ್ಮದು 2007ರಲ್ಲಷ್ಟೇ ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು, ಅದಕ್ಕೆ ಮುಂಚೆ ಕೋಲಾರ. ಹಾಗಾಗಿ ಹಳೇ ಕಡತಕ್ಕೆ ಕೋಲಾರಕ್ಕೂ ಒಂದು ಸಲ ಹೋಗಿ ಬರಬೇಕಾದೀತು. ಬ್ಯಾಪ್ಟಿಸ್ಟರಲ್ಲಿ ಪ್ರತಿ ಸಭೆಯೂ ಸ್ವತಂತ್ರ, ಮೇಲೆ ಕೇಳುವವರು ಇಲ್ಲ. ಆ ಸ್ವಾತಂತ್ರ್ಯದ ತೊಂದರೆ ಇದೇ ನೋಡಿ, ಜಾಗ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಉಳಿದುಬಿಟ್ಟರೆ ಅವರ ಮೊಮ್ಮಕ್ಕಳ ಜೊತೆ ಕೋರ್ಟಿಗೆ ಅಲೆಯಬೇಕು. ಸಭೆಯನ್ನು ನೋಂದಣಿ ಮಾಡಿಸಿ, ಆಸ್ತಿ ಸಭೆಯ ಹೆಸರಿಗೆ ಬರುವ ಹಾಗೆ ಒಬ್ಬ ಒಳ್ಳೇ ವಕೀಲರನ್ನು ಈಗಲೇ ಹಿಡಿಯಿರಿ.

ಪ್ರಶ್ನೆ: ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗೂ ನಮ್ಮ ಹಳೇ ತೆಲುಗು ಬ್ಯಾಪ್ಟಿಸ್ಟ್ ಸಭೆಗಳಿಗೂ ಸಂಬಂಧ ಇದೆಯಾ?

ಉತ್ತರ: ಹೆಸರು ಒಂದೇ, ಮನೆ ಬೇರೆ. ನೆಲ್ಲೂರು, ಒಂಗೋಲಿನದ್ದು ಅಮೆರಿಕದ ಉತ್ತರದ ಬ್ಯಾಪ್ಟಿಸ್ಟರ ಕೆಲಸ. ಹೆಬ್ಬಾಳದ ಆಸ್ಪತ್ರೆ 1973ರಲ್ಲಿ ದಕ್ಷಿಣದ, ಅಂದರೆ ಸದರ್ನ್ ಬ್ಯಾಪ್ಟಿಸ್ಟರು ತೆರೆದದ್ದು. ಗುಲಾಮಗಿರಿಯ ಜಗಳದಲ್ಲಿ ಈ ಎರಡು ಗುಂಪು 1845ರಲ್ಲೇ ಬೇರೆ ಆಗಿದ್ದವು. 1989ರಿಂದ ಆಸ್ಪತ್ರೆಯ ಆಡಳಿತ ವೆಲ್ಲೂರಿನ ಸಿ.ಎಂ.ಸಿ. (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್) ಕಡೆಗೆ ಹೋಯಿತು.

ಪ್ರಶ್ನೆ: ವಿಲಿಯಂ ಕೇರಿ ನಮ್ಮ ಮೈಸೂರು ಸೀಮೆಗೆ ಬಂದಿದ್ದರಂತೆ, ನಿಜಾನಾ?

ಉತ್ತರ: ಇಲ್ಲ. 1793ರಲ್ಲಿ ಕಲ್ಕತ್ತಾಕ್ಕೆ ಬಂದಿಳಿದವರು 1834ರಲ್ಲಿ ಸಾಯುವ ತನಕ ಬಂಗಾಳದಲ್ಲೇ ಇದ್ದರು. ಆದರೆ ಅಲ್ಲೇ ಕೂತು, ಸೆರಾಂಪುರದಲ್ಲಿ, 1817ರಲ್ಲಿ ಕನ್ನಡಕ್ಕೆ ಒಂದು ಇಂಗ್ಲಿಷ್ ವ್ಯಾಕರಣ ಅಚ್ಚು ಹಾಕಿಸಿದರು. ಕನ್ನಡ ನಾಡು ನೋಡದೆ ಕನ್ನಡ ವ್ಯಾಕರಣ ಬರೆದವರು! ಪೂರ್ತಿ ಬೈಬಲ್ ಕನ್ನಡಕ್ಕೆ ಬಂದದ್ದು ಮಾತ್ರ ಬ್ಯಾಪ್ಟಿಸ್ಟರಿಂದಲ್ಲ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಕೆಲಸದಿಂದ.

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಗಂಟೆ ಇಲ್ಲ. ಬೇವಿನ ಮರಕ್ಕೆ ರೈಲು ಕಂಬಿ ತುಂಡು ನೇತುಹಾಕಿದ್ದಾರೆ, ಅದನ್ನೇ ಬಡೀತಾರೆ. ಹಬ್ಬಕ್ಕೆ ಮುಂಚೆ ಅದನ್ನು ಗುಜರಿಗೆ ಹಾಕಿ ಹೊಸ ಗಂಟೆ ತರೋಣ ಅಂತಿದ್ದಾರೆ. ಸರಿನಾ? — ಬಂಗಾರಪೇಟೆ ತಾಲ್ಲೂಕು

ಉತ್ತರ: ನೀವೂ ಮೊದಲ ಕಾಗದದ ಸಭೆಯವರೇ ಇರಬೇಕು ಅನ್ನಿಸುತ್ತಿದೆ. ಗುಜರಿಗೆ ಹಾಕಬೇಡಿ. ಕಂಬಿಯ ನಡು ಪಟ್ಟಿಯ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. ರೈಲು ಕಂಬಿ ಮಾಡಿದ ಕಂಪನಿಯ ಹೆಸರು, ತೂಕದ ಗುರುತು, ವರ್ಷ ಉಬ್ಬಕ್ಷರದಲ್ಲಿ ಇರುತ್ತವೆ. ತುಂಡು ಕತ್ತರಿಸುವಾಗ ಆ ಜಾಗ ಉಳಿದಿದ್ದರೆ ಓದಲು ಸಿಗುತ್ತದೆ, ಮತ್ತು ಯಾವ ದೇಶದ ಕಬ್ಬಿಣ ನಿಮ್ಮೂರಿನ ಬೇವಿನ ಮರಕ್ಕೆ ಬಂದು ನೇತಾಡುತ್ತಿದೆ ಅಂತ ಗೊತ್ತಾಗುತ್ತದೆ. ಹೊಸ ಗಂಟೆ ಬೇಕಾದರೆ ಪಕ್ಕದಲ್ಲಿ ಹಾಕಿಸಿ. ಆದರೆ ಆ ವರ್ಷ ಕಂಬಿಯದ್ದು, ಚರ್ಚಿನದ್ದಲ್ಲ. ವಾಟ್ಸಾಪ್ ಹುಡುಗರ ಕಣ್ಣಿಗೆ ಬೀಳುವ ಮುಂಚೆ ಕಮಿಟಿಗೆ ಹೇಳಿಬಿಡಿ.